ಅಂದಿನವರಿಗೆ ಇಂದಿನ ಕೊಳಗ



ಬೆಳ್ಳೂರಿನಿಂದ ನಾಗಮಂಗಲ, ಪಾಂಡವಪುರ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ನಾವು ಹೋಗುತ್ತಿದ್ದ ಶಾಲಾ ಪ್ರವಾಸಗಳು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ರಂಗನಾಥಸ್ವಾಮಿ ದೇವಾಲಯ, ಜುಮ್ಮಾ ಮಸೀದಿ, ಟಿಪ್ಪುವಿನ ದೇಹ ಸಿಕ್ಕಿದ ಸ್ಥಳ, ದರಿಯಾ ದೌಲತ್, ಗುಂಬಜ್ ಇಷ್ಟನ್ನೂ ನೋಡಿ ಮುಗಿಸಿದ ಮೇಲೆಯೇ ಕಾವೇರಿಯ ದಡದಲ್ಲಿ ಬುತ್ತಿ ಬಿಚ್ಚಬೇಕೆಂಬುದು ನನ್ನ ಕಟ್ಟಳೆಯಾಗಿತ್ತು. ಅಂತಹ ಒಂದು ಪ್ರವಾಸದಲ್ಲಿ ನಾನು ಮಾಡಿದ ತಪ್ಪೊಂದನ್ನು ಇಂದು ಬರೆಯಬೇಕೆನಿಸಿದೆ.

ಗುಂಬಜ್‌ನ ಮುಂದೆ ನಿಂತು, ಟಿಪ್ಪು ಸುಲ್ತಾನನು 1799ರ ಮೇ 4ರಂದು ಕೋಟೆಯನ್ನು ಬಿಟ್ಟು ಓಡದೆ ಕತ್ತಿ ಹಿಡಿದು ಮಡಿದ ಕಥೆಯನ್ನು ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಭಾರತದ ಸ್ವಾತಂತ್ರ್ಯ ಹೋರಾಟದ ಮೊದಲ ವೀರ ಎಂದೂ ಸೇರಿಸಿದೆ. ಮೇಲುಕೋಟೆಯ ಕಡೆಯಿಂದ ಬಂದ ಕುಟುಂಬದ ಹುಡುಗಿಯೊಬ್ಬಳು ಮೆಲ್ಲಗೆ, "ಸಾರ್, ನಮ್ಮ ಮನೇಲಿ ನರಕ ಚತುರ್ದಶಿ ಮಾಡೋದಿಲ್ಲ. ಅದು ಇವರಿಂದಲೇ ಅಂತ ಅಜ್ಜಿ ಹೇಳ್ತಾರೆ" ಎಂದಳು. ನಾನು, "ಅದು ಪಾಠದಲ್ಲಿ ಇಲ್ಲ ಕಣಮ್ಮ, ಪರೀಕ್ಷೆಗೂ ಬರೋದಿಲ್ಲ" ಎಂದು ಮುಂದಿನ ವಿಷಯಕ್ಕೆ ಹೋದೆ. ಮತ್ತೆಂದೂ ಆ ಮಗು ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಮಂಡಯಂ ಅಯ್ಯಂಗಾರ್ ಮನೆತನಗಳಲ್ಲಿ, ಟಿಪ್ಪುವಿನ ಕಾಲದಲ್ಲಿ ತಮ್ಮವರನ್ನು ನರಕ ಚತುರ್ದಶಿಯ ದಿನ ಕೊಲ್ಲಿಸಲಾಯಿತೆಂಬ ಸ್ಮೃತಿ ತಲೆಮಾರುಗಳಿಂದ ಉಳಿದು ಬಂದಿದೆ. ಅದು ನಡೆದ ವರ್ಷದ ಬಗ್ಗೆ, ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸಮಕಾಲೀನ ದಾಖಲೆಯೂ ತೀರ ವಿರಳ. ಆದರೆ 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು, 1785ರ ಸುಮಾರಿಗೆ ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಅಲ್ಲಗಳೆಯಲಾಗದ ಸಂಗತಿ. ಸಂಖ್ಯೆಯಲ್ಲಿ ವಿವಾದವಿರಬಹುದು, ಸಂಕಟದಲ್ಲಿ ಇಲ್ಲ.

ಇದೇ ಟಿಪ್ಪು 1791ರಲ್ಲಿ ಮರಾಠರ ಸೈನ್ಯದ ತುಕಡಿಯೊಂದು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅಲ್ಲಿನ ಜಗದ್ಗುರುಗಳಿಗೆ ಪತ್ರ ಬರೆದು, ಶಾರದಾಂಬೆಯ ಪುನಃಪ್ರತಿಷ್ಠೆಗೆ ಧನಸಹಾಯ ಕಳುಹಿಸಿದನು. ಆ ಕನ್ನಡ ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಅರಮನೆಗೆ ಸಮೀಪದಲ್ಲಿಯೇ ರಂಗನಾಥನ ಪೂಜೆ ನಡೆದುಕೊಂಡು ಬಂದಿತು. ಪೂರ್ಣಯ್ಯನವರು ಅವನ ಆಡಳಿತದ ಆಧಾರಸ್ತಂಭಗಳಲ್ಲಿ ಒಬ್ಬರಾಗಿದ್ದರು. ಒಂದು ಸಂಗತಿಯನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ. ಶೃಂಗೇರಿಗೆ ಹಣ ಕೊಟ್ಟ ಕೈಯೂ ಕೊಡಗಿನವರನ್ನು ಸೆರೆಹಿಡಿದ ಕೈಯೂ ಒಂದೇ.

"ಆ ಕಾಲದ ಅರಸರನ್ನು ಈ ಕಾಲದ ನೀತಿಯಿಂದ ಅಳೆಯಬಾರದು" ಎಂಬ ಮಾತನ್ನು ನಾನೂ ಅನೇಕ ವರ್ಷ ಹೇಳಿಕೊಂಡು ಬಂದೆ. ಅದರಲ್ಲಿ ಸತ್ಯಾಂಶವಿದೆ. ಆದರೆ ಗಮನಿಸಿ: ಟಿಪ್ಪುವನ್ನು ಸ್ವಾತಂತ್ರ್ಯ ಹೋರಾಟಗಾರ ಎಂದು ಕರೆದಾಗ ನಾನು ಬಳಸಿದ್ದು ಯಾವ ಕಾಲದ ಅಳತೆ? ಭಾರತವೆಂಬ ರಾಷ್ಟ್ರದ ಕಲ್ಪನೆ ಅವನಿಗಿರಲಿಲ್ಲ. ಅವನು ಕಾದಾಡಿದ್ದು ತನ್ನ ರಾಜ್ಯಕ್ಕಾಗಿ. ಹೊಗಳುವಾಗ 20ನೇ ಶತಮಾನದ ಅಳತೆ, ತೆಗಳುವವರು ಬಂದಾಗ 18ನೇ ಶತಮಾನದ ಅಳತೆ. ನಮ್ಮ ಸಂತೆಯಲ್ಲಿ ರಾಗಿ ಕೊಳ್ಳಲು ಒಂದು ಕೊಳಗ, ಮಾರಲು ಇನ್ನೊಂದು ಕೊಳಗ ಇಟ್ಟುಕೊಂಡವನನ್ನು ಏನೆಂದು ಕರೆಯುತ್ತೇವೆಯೋ ನನ್ನನ್ನೂ ಹಾಗೆಯೇ ಕರೆಯಬೇಕಾಗಿತ್ತು.

ಈ ಎರಡು ಕೊಳಗದ ವ್ಯಾಪಾರ ಒಂದೇ ಪಕ್ಷದ ಸೊತ್ತಲ್ಲ. ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ತಮ್ಮ ವಂಶಕ್ಕೆ ರಾಜ್ಯ ಮರಳಿಸಿಕೊಳ್ಳಲು ಬಹುಕಾಲ ಇಂಗ್ಲಿಷರೊಡನೆ ರಹಸ್ಯ ಸಂಧಾನ ನಡೆಸಿದರು. ಇಂದಿನ ರಾಷ್ಟ್ರಭಕ್ತಿಯಿಂದ ಟಿಪ್ಪುವನ್ನು ಹೊಗಳುವವನು ಅದೇ ಅಳತೆಯಿಂದ ಮಹಾರಾಣಿಯನ್ನು ದ್ರೋಹಿಯೆನ್ನಬೇಕಾಗುತ್ತದೆ. ಟಿಪ್ಪುವಿನ ಕ್ರೌರ್ಯವನ್ನು ಇಂದಿನ ನೀತಿಯಿಂದ ಖಂಡಿಸುವವನು, 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೇಳಿ, ಸಾಲದೆಂಬಂತೆ ಇಬ್ಬರು ಬಾಲಕರನ್ನು ಒತ್ತೆಯಾಗಿ ಕೊಂಡೊಯ್ದ ಕಾರ್ನ್‌ವಾಲಿಸನನ್ನೂ, 1799ರಲ್ಲಿ ಪಟ್ಟಣವನ್ನು ಸೂರೆಗೊಂಡ ಕಂಪನಿಯ ಸೈನ್ಯವನ್ನೂ ಅದೇ ಮಾತುಗಳಲ್ಲಿ ಖಂಡಿಸಬೇಕಾಗುತ್ತದೆ.

ಹಾಗಾದರೆ ಯಾವ ಅಳತೆ ಸರಿ? ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ನಾವು "ಇಂದಿನ ನೀತಿ" ಎಂದು ಕರೆಯುವುದು ಎಷ್ಟೋ ಸಲ ಅಂದಿನ ಕಾಲದಲ್ಲಿಯೇ ಇತ್ತು. ನಾವು ಕೇಳಿಸಿಕೊಂಡದ್ದು ಮಾತ್ರ ಆಳಿದವರ ಮಾತನ್ನು, ನೊಂದವರದನ್ನಲ್ಲ. ಸಂಕೋಲೆ ತೊಟ್ಟು ಘಟ್ಟ ಇಳಿದ ಕೊಡಗಿನ ತಾಯಿಗೆ ಇದು ಅನ್ಯಾಯವೆಂದು ಅರಿಯಲು 21ನೇ ಶತಮಾನ ಬರಬೇಕಾಗಿರಲಿಲ್ಲ. ಅಮೆರಿಕದ ಥಾಮಸ್ ಜೆಫರ್‌ಸನ್‌ನ ವಿಷಯವೂ ಹೀಗೆಯೇ. 1776ರಲ್ಲಿ ಎಲ್ಲ ಮನುಷ್ಯರೂ ಸಮಾನರೆಂದು ಬರೆದ ಆತ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. "ಆಗ ಎಲ್ಲರೂ ಹಾಗೆಯೇ ಇದ್ದರು" ಎನ್ನುವವರಿಗೆ, 1780ರಲ್ಲಿಯೇ ಪೆನ್ಸಿಲ್ವೇನಿಯಾ ರಾಜ್ಯವು ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗೊಳಿಸುವ ಕಾನೂನು ಮಾಡಿತ್ತೆಂಬುದನ್ನು ನೆನಪಿಸಬೇಕು.

ನಮ್ಮ ಮನೆಯ ಉದಾಹರಣೆಯೂ ಇದೆ, ಸ್ವಲ್ಪ ನೋಯುವಂಥದ್ದು. ಮಂಡ್ಯ ಸೀಮೆಯ ರೈತರ ಮನೆಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರ ದೇವರ ಪಟಗಳ ಪಕ್ಕದಲ್ಲಿರುವುದನ್ನು ನೀವೆಲ್ಲ ನೋಡಿದ್ದೀರಿ. ನನ್ನ ಮನೆಯಲ್ಲಿಯೂ ಇದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಋಣ ತೀರಿಸಲಾಗದ್ದು. ಆದರೆ 1917ರಲ್ಲಿ ಸ್ಥಾಪನೆಯಾದ ಪ್ರಜಾಮಿತ್ರ ಮಂಡಲಿಯವರು ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದವರಿಗೆ ಪಾಲು ಬೇಕೆಂದು ಕೇಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಅರ್ಹತೆಗೂ ದಕ್ಷತೆಗೂ ಧಕ್ಕೆಯಾಗುವುದೆಂಬ ನಿಲುವಿನ ದಿವಾನರು ಇದನ್ನು ಒಪ್ಪದೆ, ಆ ವರ್ಷದ ಕೊನೆಯಲ್ಲಿ ಅಧಿಕಾರ ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರನೆಯ ಎರಡರಷ್ಟು ಹಿಂದುಳಿದವರಿಗೆ ದೊರೆಯಬೇಕೆಂದು ಸಮಿತಿ ಹೇಳಿತು. 1921ರಲ್ಲಿ ಸರ್ಕಾರದ ಆದೇಶವೂ ಆಯಿತು.

ಇಲ್ಲಿ "ಅಂದಿನ ಕಾಲವೇ ಹಾಗಿತ್ತು" ಎಂದು ಹೇಳಿ ಪಾರಾಗಲು ಸಾಧ್ಯವಿಲ್ಲ. ಕೇಳಿದವರು ಅಂದಿನವರೇ, ಒಪ್ಪಿದ ಮಹಾರಾಜರೂ ಅಂದಿನವರೇ. ಆದ್ದರಿಂದ ಈ ವಿಷಯದಲ್ಲಿ ವಿಶ್ವೇಶ್ವರಯ್ಯನವರ ನಿಲುವು ಸಂಕುಚಿತವಾಗಿತ್ತೆಂದು ಹೇಳಲು ನನಗೆ ಸಂಕೋಚವಿಲ್ಲ. ಅವರ ಪಟವನ್ನು ಗೋಡೆಯಿಂದ ಇಳಿಸಬೇಕೆಂದೂ ನನಗೆ ಅನಿಸಿಲ್ಲ. ಋಣವನ್ನು ಒಪ್ಪಿಕೊಳ್ಳುವುದೂ ದೋಷವನ್ನು ಹೆಸರಿಸುವುದೂ ಒಂದೇ ಮನಸ್ಸಿನಲ್ಲಿ ಇರಲು ಜಾಗವುಂಟು. ನಮ್ಮ ಹಿರಿಯರ ವಿಷಯದಲ್ಲಿ ನಾವೆಲ್ಲ ಮನೆಯೊಳಗೆ ಹಾಗೆಯೇ ನಡೆದುಕೊಳ್ಳುವುದಿಲ್ಲವೇ?

ಆದರೆ ತೀರ್ಪಿಗೆ ಮೊದಲು ಸಾಕ್ಷ್ಯ ಬೇಕು. 2023ರ ಮಾರ್ಚಿಯಲ್ಲಿ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡರೆಂಬ ಇಬ್ಬರು ಒಕ್ಕಲಿಗರೆಂದು ನಮ್ಮ ಜಿಲ್ಲೆಯಲ್ಲಿ ಪ್ರಚಾರ ನಡೆಯಿತು. ಮಂಡ್ಯದಲ್ಲಿ ಅವರ ಹೆಸರಿನ ಸ್ವಾಗತ ದ್ವಾರ ನಿಂತಿತು, ಚಲನಚಿತ್ರವೂ ಘೋಷಣೆಯಾಯಿತು. ಚಾರಿತ್ರಿಕ ಆಧಾರವಿಲ್ಲದೆ ಇಂತಹದರಲ್ಲಿ ತೊಡಗಬಾರದೆಂದು ಬೆಳ್ಳೂರಿಗೆ ಕೂಗಳತೆಯಲ್ಲಿರುವ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಬುದ್ಧಿ ಹೇಳಿದ ಮೇಲೆ ಆ ಚಿತ್ರವನ್ನು ಕೈಬಿಡಲಾಯಿತು. ಇತಿಹಾಸದ ಮೇಷ್ಟ್ರುಗಳು ಹೇಳಬೇಕಾದ ಮಾತನ್ನು ಮಠಾಧೀಶರು ಹೇಳಬೇಕಾಯಿತು.

ಇನ್ನೊಂದು ಮಾತು, ಇದಕ್ಕಾಗಿಯೇ ಇಷ್ಟು ಬರೆದದ್ದು. 2015ರ ನವೆಂಬರ್ 10ರಂದು ರಾಜ್ಯ ಸರ್ಕಾರ ಮೊದಲ ಬಾರಿಗೆ ಟಿಪ್ಪು ಜಯಂತಿ ಆಚರಿಸಿತು. ಆ ವರ್ಷ ಅಂದೇ ನರಕ ಚತುರ್ದಶಿ. ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. 2019ರ ಜುಲೈನಲ್ಲಿ ಹೊಸ ಸರ್ಕಾರ ಆಚರಣೆಯನ್ನು ರದ್ದುಪಡಿಸಿತು. ಆ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಗುಂಬಜ್‌ನ ಮುಂದೆ ಅಂದು ನನ್ನ ಕಥೆಯನ್ನು ಕಣ್ಣರಳಿಸಿ ಕೇಳಿದ ಮುಸ್ಲಿಂ ಹುಡುಗ ಅವನು, ಈಗ ಅಂಗಡಿ ಇಟ್ಟುಕೊಂಡಿದ್ದಾನೆ. "ಸಾರ್, ಅಂಗಡಿಗೆ ಬಂದವರು ಟಿಪ್ಪು ಹಾಗೆ ಮಾಡಿದ, ಹೀಗೆ ಮಾಡಿದ ಅಂತ ನನ್ನನ್ನ ಕೇಳ್ತಾರೆ. ನಾನೇನು ಹೇಳ್ಲಿ?" ಎಂದ. ನನ್ನಲ್ಲಿ ಉತ್ತರ ಸಿದ್ಧವಿರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ನಮ್ಮ ನಾಗಮಂಗಲದಲ್ಲಿಯೇ ಗಣೇಶನ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಉರಿದ ಸುದ್ದಿ ಕೇಳಿದಾಗ ಮೊದಲು ಜ್ಞಾಪಕಕ್ಕೆ ಬಂದದ್ದು ಅವನ ಮುಖ.

ಸತ್ತ ಅರಸನನ್ನು ಯಾವ ಕಾಲದ ನೀತಿಯಿಂದ ಅಳೆದರೂ ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಳತೆಯ ಪೆಟ್ಟು ಬೀಳುವುದು ಬದುಕಿರುವವರ ಮೇಲೆ. ಆದ್ದರಿಂದ ಅರಸರ ತೀರ್ಪು ಅರಸರಿಗಷ್ಟೇ ಸಲ್ಲಬೇಕು; ಇನ್ನೂರು ವರ್ಷಗಳ ಮೇಲೆ ಹುಟ್ಟಿದ ಅಂಗಡಿಯವನಿಗೂ ಅಲ್ಲ, ಅಜ್ಜಿಯ ಮಾತನ್ನು ನಂಬಿದ ಹುಡುಗಿಗೂ ಅಲ್ಲ. ಅಂದು ಗುಂಬಜ್‌ನ ಮುಂದೆ ನಾನು ಆ ಹುಡುಗಿಯ ಮಾತನ್ನು ಪೂರ್ತಿಯಾಗಿ ಕೇಳಿ, ಆ ಹುಡುಗನೂ ಕೇಳಿಸಿಕೊಳ್ಳುವಂತೆ ಮಾಡಿ, ಶೃಂಗೇರಿಯ ಪತ್ರಗಳನ್ನು ಇಬ್ಬರಿಗೂ ತಿಳಿಸಬಹುದಾಗಿತ್ತು. ಬುತ್ತಿ ಬಿಚ್ಚುವುದು ಅರ್ಧ ಗಂಟೆ ತಡವಾಗುತ್ತಿತ್ತು, ಅಷ್ಟೇ.

ನಿಮ್ಮಲ್ಲಿ ಕೆಲವರು ಈಗ ಉಪಾಧ್ಯಾಯರಾಗಿದ್ದೀರಿ. ಮಕ್ಕಳು ಪಾಠದಲ್ಲಿ ಇಲ್ಲದ್ದನ್ನು ಕೇಳಿದರೆ ನನ್ನ ಹಾಗೆ ಮುಂದಕ್ಕೆ ಹೋಗಬೇಡಿ. ಆ ಹುಡುಗಿ ಇದನ್ನು ಓದುತ್ತಿದ್ದರೆ, ತಾಯಿ, ತಡವಾಗಿಯಾದರೂ ನಿನ್ನ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದೇನೆ.