ಪಾವಶೇರ್ ಸಾಸಿವಿ ಮತ್ತ ಉದ್ರಿ ವಹಿ

ನಮ್ಮ ಅತ್ತಿಯವರು ಇವತ್ತಿಗೂ ಸಾಮಾನಿನ ಚೀಟಿಯೊಳಗ ‘ಪಾವಶೇರ್ ಸಾಸಿವಿ’ ಅಂತನ ಬರಸ್ತಾರ. ನನ್ನ ಮಗಳಿಗೆ ಅದು ತಿಳಿಯೂದುಲ್ಲ. ತಿಳಿಯೂದರ ಹೆಂಗ, ಆ ತೂಕ ಹೋಗಿ ಅರವತ್ತು ವರ್ಷದ ಮ್ಯಾಲಾತು. 1956ರಾಗ ತೂಕ-ಅಳತಿ ಕಾಯ್ದೆ ಆತು, 1958ರಿಂದ ಕಿಲೋ, ಗ್ರಾಂ ಒಂದೊಂದ ಕಡೆ ಅಂಗಡಿಗೆ ಬಂದ್ವು. ಅದರ ನಡುವ 1957ರ ಏಪ್ರಿಲ್ 1ಕ್ಕ 16 ಆಣೆ ರೂಪಾಯಿ 100 ನಯೇಪೈಸೆ ಆತು. ಒಂದಾಣೆಗೆ ಆರೂಕಾಲು ಪೈಸೆ ಲೆಕ್ಕ; ಆ ಕಾಲು ಪೈಸೆ ಯಾರ ಕಿಸೆಕ್ಕ ಹೋತು ಅಂತ ಮಾತ್ರ ಕೇಳಬ್ಯಾಡ್ರಿ! ಹಳೇ 80 ತೊಲಿ ಸೇರು ಅಂದ್ರ ಸುಮಾರು 933 ಗ್ರಾಂ, ಅದರ ಕಾಲು ಪಾಲು ಪಾವಶೇರ್. ಹೆಣ್ಮಕ್ಕಳ ಬಾಯಾಗ ಹೆಸರು ಹಳೇದ ಉಳೀತು, ತಕ್ಕಡಿಯೊಳಗ 250 ಗ್ರಾಂ ಬಂದು ಕೂತಿತು.

ನಾ ಸಣ್ಣಾಕಿದ್ದಾಗ, 1970ರ ದಶಕದ ಕಡೀಕ, ಕಿರಾಣಿ ಅಂಗಡಿ ಅಂದ್ರ ಮುಂದ ಒಬ್ಬರು ಸಾವಕಾರ್ರು, ಹಿಂದ ಗೋಣಿಚೀಲದ ಸಾಲು: ಜೋಳ, ತೊಗರಿಬ್ಯಾಳಿ, ಹರಳುಪ್ಪು, ಬೆಲ್ಲದ ಪೆಂಟಿ. ಹಳೇ ಪೇಪರಿನಾಗ ಪುಡಿಕಿ ಕಟ್ಟಿ, ಮ್ಯಾಲ ತೂಗಹಾಕಿದ ಉಂಡಿಯಿಂದ ದಾರ ಎಳದು ಸುತ್ತತಿದ್ರು. ಎಣ್ಣಿಗೆ ಬಾಟ್ಲಿ ಮನಿಯಿಂದನ ಒಯ್ಯಬೇಕು. ಆ ದಾರಾನೂ ಅವ್ವ ಒಗೀತಿದ್ದಿಲ್ಲ.

ಹಂಗಂತ ಆಗಿಂದೆಲ್ಲಾ ಛಲೋ ಇತ್ತು ಅಂತ ನಾ ಹೇಳೂದುಲ್ಲ. ಬ್ಯಾಳಿಯೊಳಗಿನ ಹಳ್ಳ ಆರಸೂದರಾಗ ನಮ್ಮ ಮಧ್ಯಾಹ್ನ ಮುಗೀತಿದ್ವು. ಸಾವಕಾರ್ರು ಹೇಳಿದ್ದ ರೇಟು. ಪಾಕೀಟಿನ ಮ್ಯಾಲ ಎಂಆರ್‌ಪಿ ಹಾಕೋ ನಿಯಮ ಬಂದದ್ದು 1990ರಾಗ.

ಖರೇ ಮಾತು ಇರೋದು ಉದ್ರಿ ವಹಿಯೊಳಗ. ಕೆಂಪು ರಟ್ಟು, ಮ್ಯಾಲ ಅಪ್ಪನ ಹೆಸರು. ಏನು ಬೇಕು ಅಂತ ಹೇಳಾಕಿ ಅವ್ವ, ತರೋರು ನಾವು ಹುಡುಗ್ರು, ಲೆಕ್ಕ ಮಾತ್ರ ಗಂಡಸರದು. ಪಗಾರ ತಡಾ ಆದ ತಿಂಗಳು ಆ ವಹೀನ ನಮ್ಮ ಒಲಿ ಹಚ್ಚೇದ, ಇಲ್ಲ ಅನ್ನೂದುಲ್ಲ. ಆದ್ರ ಬಾಜೂ ಮನಿ ಕಾಕಾ ತೀರಿಕೊಂಡ ಹದಿನೈದು ದಿನಕ್ಕ ಅವರ ವಹಿ ಮುಚ್ಚಿತು. ‘ಇನ್ನ ಮ್ಯಾಲ ರೋಖ’ ಅಂದ್ರಂತ. ಮೂರು ಮಕ್ಕಳ ತಾಯಿ, ರೋಖ ಎಲ್ಲಿಂದ ತರಬೇಕು? ಅವ್ವ ಆರು ತಿಂಗಳು ಕಾಕುನ ಸಾಮಾನು ನಮ್ಮ ವಹಿಯೊಳಗ ಬರಸಿದ್ಲು, ಎರಡು ಕಿಲೋ ಇದ್ದಲ್ಲೆ ನಾಕು. ಅಪ್ಪಗ ಗೊತ್ತಾಗಿತ್ತು ಅಂತ ನನಗ ಅನಸ್ತದ; ಒಂದಿನಾನೂ ಕೇಳಲಿಲ್ಲ.

2011ರಾಗ ಬೆಂಗಳೂರಾಗ ಬಿಗ್‌ಬಾಸ್ಕೆಟ್ ಶುರು ಆತು, 2016ರಾಗ ಯುಪಿಐ ಬಂತು. ಈಗ ಮಗಳು ಅಲ್ಲೇ ಕೂತಲ್ಲೇ ಕೊತ್ತಂಬರಿ ತರಸ್ತಾಳ, ಖಾತೆ ಆಕಿ ಹೆಸರಿನ ಮ್ಯಾಲನ ಅದ. ನನಗೂ ಸೂಪರ್ ಮಾರ್ಕೆಟ್‌ನಾಗ ತಿರುಗೂದು ಸೇರ್ತದ. ತಗದು ನೋಡಿ, ಬ್ಯಾಡಾದ್ರ ಅಲ್ಲೇ ಇಟ್ಟು ಬಂದ್ರೂ ಯಾರೂ ಮಾರಿ ಗಂಟು ಹಾಕೂದುಲ್ಲ. ಆದ್ರ ಆ ಬಿಲ್ಲಿನ ಮಷೀನಿಗೆ ‘ಮುಂದಿನ ವಾರ ಕೊಡ್ತೀನ್ರಿ’ ಅಂತ ಹೇಳಲಿಕ್ಕೆ ಬರೂದುಲ್ಲ. ಹಂಗ ಹೇಳೋ ಹೊತ್ತು ಬಂದೋರು ಇನ್ನೂ ಓಣಿಯ ಕಿರಾಣಿ ಅಂಗಡಿಗೇ ಹೋಗ್ತಾರ. ನಮ್ಮ ಓಣ್ಯಾಗ ಈಗ ಗಲ್ಲಾದ ಮುಂದ ಕೂಡಾಕಿ ಸಾವಕಾರ್ರ ಸೊಸಿ. ಆಕಿ ವಹಿಯೊಳಗ ಅರ್ಧಕ್ಕರ್ಧ ಹೆಣ್ಮಕ್ಕಳ ಹೆಸರ ಅವ, ನಂದೂ ಒಂದು ಹಿಡದು.