ಮಾ-ಮೇರಿ ಮತ್ತು ಮಾ-ರಾಬರ್ಟ್

ಮನೆಯ ನೆಲವನ್ನು ಸಗಣಿಯಿಂದ ಸಾರಿಸುವುದು ನಮ್ಮ ಹಳ್ಳಿಗಳವರಿಗೆ ಹೊಸ ಸಂಗತಿಯಲ್ಲ. ಹಬ್ಬದ ಹಿಂದಿನ ದಿನ ಬೆಳಕು ಹರಿಯುವ ಮುನ್ನವೇ ನಮ್ಮಜ್ಜಿ ಸಗಣಿ ಕದಡಿ ಕುಳಿತರೆ, ನೆಲ ಒಣಗುವವರೆಗೆ ನಾವು ಹುಡುಗರೆಲ್ಲ ಜಗಲಿಯ ಮೇಲೇ ಕಾಯಬೇಕಾಗಿತ್ತು. ಆದ್ದರಿಂದ ದಕ್ಷಿಣ ಆಫ್ರಿಕದ ಒಳನಾಡಿನಿಂದ ಇಂಗ್ಲಿಷ್ ಹೆಂಗಸೊಬ್ಬಳು ಸುಮಾರು ಇನ್ನೂರು ವರ್ಷಗಳ ಹಿಂದೆ ಸ್ವದೇಶಕ್ಕೆ ಬರೆದ ಕಾಗದವೊಂದರ ವಿಚಾರ ಓದಿದಾಗ ನನಗೆ ಸೋಜಿಗವೂ ನಗುವೂ ಒಟ್ಟಿಗೇ ಬಂದವು. ಮನೆಯ ಕೋಣೆಗಳನ್ನೆಲ್ಲ ವಾರಕ್ಕೊಮ್ಮೆಯಾದರೂ ಸಗಣಿಯಿಂದ ಸಾರಿಸುತ್ತೇವೆ, ನಿಮಗೆ ವಿಚಿತ್ರವೆನಿಸಬಹುದು ಎಂದು ಆಕೆ ತಿಳಿಸಿದ್ದಳು. ಮೊದಮೊದಲು ಆಕೆಗೂ ಅದು ಕೊಳಕು ಕೆಲಸವೆನಿಸಿತ್ತು. ಸ್ವಲ್ಪ ಕಾಲದಲ್ಲೇ ಶನಿವಾರ ಯಾವಾಗ ಬಂದೀತೋ ಎಂದು ಕಾಯುವಂತಾಯಿತು. ಧೂಳು ಅಡಗುತ್ತದೆ, ಚಿಗಟಗಳು ಸಾಯುತ್ತವೆ, ನೆಲ ತಿಳಿ ಹಸಿರಾಗಿ ಕಾಣುತ್ತದೆ! ನಮ್ಮಜ್ಜಿಯನ್ನು ಕೇಳಿದ್ದರೆ ಈ ಮೂರನ್ನೇ ಹೇಳುತ್ತಿದ್ದಳು.

ಈಕೆಯ ಹೆಸರು ಮೇರಿ ಮೊಫಟ್. ಆಫ್ರಿಕದ ಶೋಧಕನೆಂದು ನಾವೆಲ್ಲ ಶಾಲೆಯ ಪುಸ್ತಕದಲ್ಲಿ ಓದಿರುವ ಡೇವಿಡ್ ಲಿವಿಂಗ್‌ಸ್ಟನ್ನನ ಅತ್ತೆ. ಆತನ ಹೆಂಡತಿಯ ಹೆಸರೂ ಮೇರಿಯೇ. ಲಿವಿಂಗ್‌ಸ್ಟನ್ ನೋಡಿದ ಸರೋವರ, ಜಲಪಾತಗಳ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ಆದರೆ ಆ ಕಾಡಿನ ನಡುವೆ ಬೆಳಗಾದರೆ ಒಲೆ ಹೊತ್ತಿಸಿ, ಮಕ್ಕಳನ್ನು ಹೆತ್ತು, ಹೂತು, ಶಾಲೆ ನಡೆಸಿದ ಈ ತಾಯಿ-ಮಗಳ ಕಥೆ ಆ ಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ.

ತಾಯಿ ಮೇರಿ ಹುಟ್ಟಿದ್ದು 1795ರಲ್ಲಿ. ತಂದೆ ಜೇಮ್ಸ್ ಸ್ಮಿತ್ ಮ್ಯಾಂಚೆಸ್ಟರಿನ ಹತ್ತಿರ ಸಸಿಗಳ ತೋಟ ಇಟ್ಟುಕೊಂಡಿದ್ದ ಅನುಕೂಲಸ್ಥ. ಆ ತೋಟಕ್ಕೆ ಕೆಲಸಕ್ಕೆ ಬಂದ ಸ್ಕಾಟ್ಲೆಂಡಿನ ಹುಡುಗ ರಾಬರ್ಟ್ ಮೊಫಟ್ ಮುಂದೆ ಲಂಡನ್ ಮಿಷನರಿ ಸೊಸೈಟಿಯ ಪರವಾಗಿ ಆಫ್ರಿಕಕ್ಕೆ ಹೊರಟ. ಮಗಳನ್ನು ಅಷ್ಟು ದೂರ ಕಳಿಸಲು ತಂದೆತಾಯಿಗೆ ಮನಸ್ಸಿರಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಹಟ ಹಿಡಿದು ಅವರನ್ನು ಒಪ್ಪಿಸಿ, ಆಕೆ ಹಡಗು ಹತ್ತಿದಳು. 1819ರ ಡಿಸೆಂಬರ್ 27ರಂದು ಕೇಪ್ ಟೌನಿನಲ್ಲಿ ಮದುವೆಯಾಯಿತು. ಅಲ್ಲಿಂದ ಹತ್ತು ಹನ್ನೆರಡು ಎತ್ತು ಕಟ್ಟಿದ ಗಾಡಿಯಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ಸೇರಿದ್ದು ತ್ಸ್ವಾನಾ ಜನರ ನಾಡನ್ನು. ಕೆಲವು ವರ್ಷಗಳಲ್ಲಿ ಕುರುಮಾನ್ ಎಂಬಲ್ಲಿ ನೆಲೆ ನಿಂತರು. ಆಸುಪಾಸಿನ ಬೆಂಗಾಡಿನ ನಡುವೆ ಎಂದೂ ಬತ್ತದ ದೊಡ್ಡ ಬುಗ್ಗೆಯೊಂದು ಅಲ್ಲಿದೆ. ತೋಟಗಾರನ ಕಣ್ಣಿಗೆ ಅದಕ್ಕಿಂತ ಬೇರೇನು ಬೇಕು?

ಆ ನೀರಿಗಾಗಿಯೇ ಮೊದಲ ಜಗಳ. ಮೊಫಟ್ ಕಾಲುವೆ ತೋಡಿ ನೀರನ್ನು ತೋಟಕ್ಕೆ ತಂದರೆ, ಊರಿನ ಹೆಂಗಸರು ಮೇಲುಗಡೆಯೇ ಅದನ್ನು ಒಡೆದು ತಮ್ಮ ಹೊಲಗಳಿಗೆ ತಿರುಗಿಸಿಕೊಳ್ಳುತ್ತಿದ್ದರು. ಹಗಲೆಲ್ಲ ದುಡಿದವನು ರಾತ್ರಿ ಎದ್ದು ಹೋಗಿ ತರಕಾರಿಗೆ ನೀರು ಬಿಡಬೇಕಾಗಿತ್ತು. ಅವರ ದೃಷ್ಟಿಯಿಂದ ನೋಡಿದರೆ ಅದು ಅವರ ನೀರೇ. ಅವರಲ್ಲಿ ಹೊಲ ಅಗೆಯುವುದೂ ಮನೆ ಕಟ್ಟುವುದೂ ಹೆಂಗಸರ ಕೆಲಸ; ಗಂಡಸರದು ದನ, ಬೇಟೆ, ಚರ್ಮದ ಹೊಲಿಗೆ. ಊರಿನ ಗಣ್ಯನೊಬ್ಬನ ಹೆಂಡತಿ ಗುಡಿಸಲಿಗೆ ಮಾಡು ಹಾಕಲು ಹೊರಟಿದ್ದಾಗ ಮೊಫಟ್ ಈ ಕೆಲಸವನ್ನು ಗಂಡಸರು ಮಾಡಬೇಕು ಎಂದನಂತೆ. ಸುತ್ತಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರಂತೆ.

ಮೇರಿಯ ಅಡುಗೆಮನೆ ಊರಿಗೆಲ್ಲ ತೆರೆದ ಛತ್ರವಾಗಿತ್ತು. ಮೈಗೆ ಕೊಬ್ಬನ್ನೂ ಕೆಮ್ಮಣ್ಣನ್ನೂ ಹಚ್ಚಿಕೊಂಡ ಜನ ಬಂದು ಕುಳಿತರೆ ಏಳುತ್ತಿರಲಿಲ್ಲ. ಅವರು ಒರಗಿದಲ್ಲೆಲ್ಲ ಕೆಂಪು ಗುರುತು. ಎದ್ದು ಹೋಗಿ ಎನ್ನುವಂತಿಲ್ಲ. ಪ್ರಾರ್ಥನೆಗೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಪಾತ್ರೆಯೋ ಚಾಕುವೋ ಮಾಯವಾಗಿರುತ್ತಿತ್ತು. ಇಷ್ಟಾದರೂ ಹೆರಿಗೆ, ಬಾಣಂತನ, ಕಾಯಿಲೆಗಳಲ್ಲಿ ಆಕೆಗೆ ಒದಗಿ ಬಂದವರೂ ಇದೇ ಜನ. ಚೊಚ್ಚಲ ಮಗು ಮೇರಿ 1821ರಲ್ಲಿ ಹುಟ್ಟಿದ ಮೇಲೆ ಅವರು ತಮ್ಮ ಪದ್ಧತಿಯಂತೆ ತಾಯಿಯನ್ನು ‘ಮಾ-ಮೇರಿ’, ಅಂದರೆ ಮೇರಿಯ ತಾಯಿ, ಎಂದು ಕರೆಯತೊಡಗಿದರು. ಹೆಂಗಸನ್ನು ಮಗುವಿನ ಹೆಸರು ಹಿಡಿದು ಕರೆಯುವ ರೂಢಿ ನಮಗೇನೂ ಹೊಸದಲ್ಲ. ಜೀವಂತ ಹೂಳಲ್ಪಟ್ಟಿದ್ದ ಒಂದು ತಬ್ಬಲಿ ಹೆಣ್ಣುಕೂಸನ್ನು ಮೊಫಟ್ ದಂಪತಿಗಳು ಬದುಕಿಸಿ, ಸಾರಾ ಎಂದು ಹೆಸರಿಟ್ಟು ತಮ್ಮ ಮಕ್ಕಳ ಜೊತೆಗೇ ಸಾಕಿದರು.

ಆ ವರ್ಷಗಳಲ್ಲಿ ಮಳೆ ಕೈಕೊಟ್ಟಿತು. ದೂರದಿಂದ ಮಳೆ ಬರಿಸುವವನೊಬ್ಬನನ್ನು ಕರೆತಂದರು. ಅವನ ಮಂತ್ರ ಫಲಿಸದಿದ್ದಾಗ ಪ್ರಾರ್ಥನೆಯ ಗಂಟೆಯನ್ನೂ, ಮಿಷನರಿ ತಂದಿದ್ದ ಉಪ್ಪಿನ ಚೀಲವನ್ನೂ ಅವನು ದೂರಿದ. ಕಡೆಗೊಂದು ದಿನ ನಾಯಕರು ಈಟಿ ಹಿಡಿದು ಬಂದು ಊರು ಬಿಡಿ ಎಂದರು. ಮೊಫಟ್ ಎದೆಯ ಮೇಲಿನ ಅಂಗಿ ಸರಿಸಿ, ಬೇಕಾದರೆ ಇರಿಯಿರಿ, ನಾವು ಮಾತ್ರ ಹೋಗುವುದಿಲ್ಲ ಎಂಬರ್ಥದ ಮಾತಾಡಿದ. ಈ ದೃಶ್ಯವನ್ನು ಅವನ ಜೀವನಚರಿತ್ರೆ ಬರೆದವರೆಲ್ಲ ವರ್ಣಿಸಿದ್ದಾರೆ. ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದವಳ ಎದೆಯಲ್ಲಿ ಆಗ ಏನಾಗುತ್ತಿತ್ತೋ, ಅದನ್ನು ಯಾರೂ ಕೇಳಲಿಲ್ಲ. ಕೊನೆಗೆ ಜನ ಆ ಮಳೆಯವನ ಮೇಲೆಯೇ ತಿರುಗಿಬಿದ್ದಾಗ ಅವನ ಪ್ರಾಣ ಉಳಿಸಿದ್ದೂ ಮೊಫಟ್ಟೇ ಎಂಬುದು ಸ್ವಾರಸ್ಯ.

ವರ್ಷಗಳು ಕಳೆದರೂ ಒಬ್ಬನೂ ಮತಕ್ಕೆ ಸೇರಲಿಲ್ಲ. ಹೀಗಿರುವಾಗ ಶೆಫೀಲ್ಡಿನ ಗೆಳತಿಯೊಬ್ಬಳು ಏನು ಕಳಿಸಲಿ ಎಂದು ಕೇಳಿದ್ದಕ್ಕೆ ಮೇರಿ, ಪ್ರಭುಭೋಜನದ ಪಾತ್ರೆಗಳನ್ನು ಕಳಿಸು, ಮುಂದೆಂದಾದರೂ ಬೇಕಾಗುತ್ತವೆ ಎಂದು ಉತ್ತರ ಬರೆದಳು. 1829ರಲ್ಲಿ ಮೊದಲ ಆರು ಜನ ದೀಕ್ಷೆ ಪಡೆದಾಗ, ಎಲ್ಲೆಲ್ಲೋ ತಡವಾಗಿದ್ದ ಆ ಪೆಟ್ಟಿಗೆ ಸರಿಯಾಗಿ ಆ ಹೊತ್ತಿಗೇ ಬಂದು ತಲುಪಿತು. ಆಮೇಲೆ ಮೇರಿಯ ಕೆಲಸ ಇನ್ನೂ ಹೆಚ್ಚಿತು. ಬಟ್ಟೆ ತೊಡಬೇಕೆನ್ನುವವರಿಗೆ ಹೊಲಿಗೆ ಕಲಿಸಬೇಕು. ಗುದ್ದಲಿ ಹಿಡಿದ ಕೈಗಳಿಗೆ ಸೂಜಿ ಹಿಡಿಸುವುದೆಂದರೆ ಸುಲಭವೇ! ಮೈಗೆ ಹಚ್ಚುತ್ತಿದ್ದ ಕೊಬ್ಬಿನಿಂದ ಮೇಣದ ಬತ್ತಿ ಎರೆಯಬಹುದೆಂದು ತಿಳಿದ ಮೇಲೆ ಅಚ್ಚು ಬೇಕು, ಬತ್ತಿಯ ದಾರ ಬೇಕು ಎಂದು ಜನ ಬಾಗಿಲಿಗೆ ಬರತೊಡಗಿದರು. ಗಂಡ 1857ರಲ್ಲಿ ಮುಗಿಸಿದ ತ್ಸ್ವಾನಾ ಭಾಷೆಯ ಇಡೀ ಬೈಬಲು ಕುರುಮಾನಿನ ಅಚ್ಚುಕೂಟದಲ್ಲೇ ಮುದ್ರಣವಾಯಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದ ವಿಚಾರ ಬಲ್ಲ ನಮಗೆ ಇದರ ಬೆಲೆ ತಿಳಿಯುತ್ತದೆ. ಮತ ಬೇರೆ ಮಾತು. ಭಾಷೆಗೆ ಸಿಕ್ಕಿದ್ದು ಸಿಕ್ಕಿತು. ಆದರೆ ಇದೇ ಮನೆಯ ಮಗ ಜಾನ್ 1888ರಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ದೊರೆ ಲೊಬೆಂಗುಲನಿಂದ ಒಪ್ಪಂದ ಮಾಡಿಸಿಕೊಂಡು ರೋಡ್ಸನ ಕಂಪನಿಗೆ ದಾರಿ ತೆರೆದ ಎಂಬುದನ್ನೂ ಹೇಳದಿದ್ದರೆ ಲೆಕ್ಕ ಸರಿಹೋಗುವುದಿಲ್ಲ.

ಇನ್ನು ಮಗಳ ಕಥೆ. ಸಿಂಹದ ಬಾಯಿಗೆ ಸಿಕ್ಕಿ ತೋಳಿನ ಮೂಳೆ ಮುರಿದುಕೊಂಡಿದ್ದ ಲಿವಿಂಗ್‌ಸ್ಟನ್ 1844ರಲ್ಲಿ ಸುಧಾರಿಸಿಕೊಳ್ಳಲು ಕುರುಮಾನಿಗೆ ಬಂದ. ಅಲ್ಲಿಯ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇರಿಯನ್ನು ಮೆಚ್ಚಿದ. 1845ರ ಜನವರಿಯಲ್ಲಿ ಮದುವೆ. ಗೆಳೆಯನಿಗೆ ಹೆಂಡತಿಯನ್ನು ವರ್ಣಿಸುವಾಗ ಚೆಲುವಿನ ಮಾತಿಲ್ಲ. ಗಟ್ಟಿಮುಟ್ಟಾದ, ಕಪ್ಪು ಕೂದಲಿನ, ತನಗೆ ತಕ್ಕ ಹುಡುಗಿ ಎಂದಷ್ಟೇ. ಮುಂದಿನ ಎರಡು ವರ್ಷಗಳಲ್ಲಿ ಎರಡು ಕಡೆ ಮನೆ ಮಾಡಿ ಬಿಟ್ಟು, 1847ರಲ್ಲಿ ಬಕ್ವೇನ ಜನರ ದೊರೆ ಸೆಚೆಲೆಯ ಜೊತೆ ಕೊಲೊಬೆಂಗ್ ಹೊಳೆಯ ದಂಡೆಗೆ ಬಂದರು. ಇಂದಿನ ಬೋಟ್ಸ್‌ವಾನಾದ ರಾಜಧಾನಿ ಗ್ಯಾಬರೋನಿನ ಹತ್ತಿರದ ಜಾಗ. ಮನೆ ಏಳುವವರೆಗೆ ಒಂದು ವರ್ಷ ಗುಡಿಸಲಲ್ಲಿ ವಾಸ. ರಾತ್ರಿ ಗಾಳಿಗೆ ದೀಪ ನಿಲ್ಲುತ್ತಿರಲಿಲ್ಲ, ಹಗಲು ಮಕ್ಕಳ ಕಣ್ಣಿಗೆ ನೊಣಗಳು ಮುತ್ತುತ್ತಿದ್ದವು.

ಅಲ್ಲಿಯ ದಿನಚರಿಯನ್ನು ಲಿವಿಂಗ್‌ಸ್ಟನ್ನನೇ ಬರೆದಿಟ್ಟಿದ್ದಾನೆ. ಬೆಳಗಿನ ಆರು-ಏಳರೊಳಗೆ ಪ್ರಾರ್ಥನೆ, ತಿಂಡಿ. ಆಮೇಲೆ ಹನ್ನೊಂದು ಗಂಟೆಯವರೆಗೆ ಹಿರಿಯರು ಕಿರಿಯರೆಲ್ಲರಿಗೂ ಶಾಲೆ. ಅವನು ಕಮ್ಮಾರಿಕೆ, ಬಡಗಿ ಕೆಲಸ, ತೋಟ ಎಂದು ಹೋದರೆ ಆಕೆಗೆ ಮನೆವಾರ್ತೆ. ಊಟವಾಗಿ ಒಂದು ಗಂಟೆ ವಿಶ್ರಾಂತಿ. ಬಳಿಕ ಆಕೆಗೆ ಮತ್ತೆ ಅರುವತ್ತರಿಂದ ನೂರು ಮಕ್ಕಳ ಶಾಲೆ, ಇಲ್ಲವೆ ಹುಡುಗಿಯರಿಗೆ ಹೊಲಿಗೆ. ಅಂಗಡಿಯೆಂಬುದಿಲ್ಲ. ಬೆಣ್ಣೆ, ಮೇಣದ ಬತ್ತಿ, ಸಾಬೂನು ಎಲ್ಲವೂ ಮನೆಯಲ್ಲೇ ಆಗಬೇಕು. ಗಿಡ ಸುಟ್ಟ ಬೂದಿಯನ್ನು ನೀರಿಗೆ ಹಾಕಿ, ಕೊಬ್ಬು ಸೇರಿಸಿ ವಾರಗಟ್ಟಲೆ ಕುದಿಸಿದರೆ ಸಾಬೂನು. ಬಿ.ಎಸ್ಸಿ.ಯಲ್ಲಿ ಈ ಕ್ರಿಯೆಯ ಸಮೀಕರಣ ಬರೆದು ಅಂಕ ಗಿಟ್ಟಿಸಿದವನು ನಾನು; ಒಂದು ತುಂಡು ಸಾಬೂನನ್ನು ಮಾಡಿದವನಲ್ಲ. ರೊಟ್ಟಿ ಬೇಯಿಸಲು ಒಲೆ ಯಾವುದು ಗೊತ್ತೇ? ಹುತ್ತ! ದೊಡ್ಡ ಹುತ್ತವೊಂದನ್ನು ಕೊರೆದು, ಒಳಗೆ ಬೆಂಕಿ ಹಾಕಿ ಕಾಯಿಸಿ, ಕಲ್ಲಿನ ಚಪ್ಪಡಿಯನ್ನು ಬಾಗಿಲಾಗಿ ಇಡುತ್ತಿದ್ದರು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಮಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಬರಗಾಲ ಇಲ್ಲಿಯೂ ಬೆನ್ನು ಬಿಡಲಿಲ್ಲ. ಹೊಳೆ ಬತ್ತಿತು. ಸ್ವತಃ ಮಳೆ ಬರಿಸುವ ವಿದ್ಯೆ ಬಲ್ಲ ಸೆಚೆಲೆ 1848ರಲ್ಲಿ ದೀಕ್ಷೆ ಪಡೆದು, ಐವರು ಹೆಂಡಿರಲ್ಲಿ ನಾಲ್ವರನ್ನು ತೌರಿಗೆ ಕಳಿಸಿದ್ದ. ನಮ್ಮ ದೊರೆಗೆ ಈ ಬಿಳಿಯ ಮಾಟ ಮಾಡಿದ್ದರಿಂದಲೇ ಮಳೆಯಿಲ್ಲ ಎಂದು ಜನ ಆಡಿಕೊಂಡರು. ಆ ನಾಲ್ವರ ಪಾಡೇನಾಯಿತೆಂದು ಯೋಚಿಸಿದರೆ ಜನರ ಸಿಟ್ಟನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಧಾನ್ಯವಿಲ್ಲದಾಗ ಮಿಡತೆಗಳನ್ನು ಹುರಿದು ಜೇನಿನೊಡನೆ ತಿಂದರು. ಸಿಗಡಿಗಿಂತ ರುಚಿ ಎಂದು ಲಿವಿಂಗ್‌ಸ್ಟನ್ನನ ಅಭಿಪ್ರಾಯ. ನಮ್ಮ ಸಂಘದ ಕರಾವಳಿಯ ಮಿತ್ರರು ಇದನ್ನು ಒಪ್ಪಲಿಕ್ಕಿಲ್ಲ. ಭಾರಿ ಕಪ್ಪೆಯೊಂದನ್ನು ಬೇಯಿಸಿ ಕೊಟ್ಟರೆ ಮಕ್ಕಳು ಕೋಳಿಯೆಂಬಂತೆ ತಿನ್ನುತ್ತಿದ್ದರಂತೆ.

ಇಷ್ಟೂ ಮೇರಿ ಸಹಿಸಬಲ್ಲ ಬದುಕೇ. ಅವಳು ಹುಟ್ಟಿ ಬೆಳೆದದ್ದೇ ಹೀಗೆ. ಗಂಡನ ಕಾಲಿಗೆ ಚಕ್ರ ಕಟ್ಟಿದ್ದೇ ಕಷ್ಟವಾಯಿತು. 1849ರಲ್ಲಿ ಅವನು ನ್ಗಾಮಿ ಸರೋವರ ಕಂಡು ಬಂದ. ಮರುವರ್ಷ ಬಸುರಿ ಹೆಂಡತಿಯನ್ನೂ ಮೂರು ಮಕ್ಕಳನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಕಲಹಾರಿಯ ಮರುಭೂಮಿ ದಾಟಿದ. ಮಕ್ಕಳಿಗೆ ಚಳಿಜ್ವರ, ಹಿಂದಿರುಗಿದ ಮೇಲೆ ಹುಟ್ಟಿದ ಹೆಣ್ಣುಕೂಸು ಎಲಿಜಬೆತ್ ಆರು ವಾರ ಬದುಕಿ ತೀರಿಕೊಂಡಿತು, ತಾಯಿಯ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿಯಿತು. 1851ರಲ್ಲಿ ಆಕೆ ಮತ್ತೆ ಬಸುರಿ, ಮತ್ತೆ ಪ್ರಯಾಣ. ಈ ಸಲ ಕುರುಮಾನಿನ ಮಾ-ಮೇರಿ ತಡೆಯಲಾರದೆ ಅಳಿಯನಿಗೆ ಕಾಗದ ಬರೆದಳು: ಒಂದು ಕೂಸು ಹೋದದ್ದು ಸಾಲದೆ, ಮತ್ತೆ ಬಸುರಿಯನ್ನು ಮಕ್ಕಳೊಡನೆ ಅಲೆದಾಡಿಸುತ್ತೀಯಾ ಎಂದು. ಮೂವತ್ತು ವರ್ಷ ಗಂಡನ ಕೆಲಸಕ್ಕೆ ಎದುರಾಡದೆ ದುಡಿದವಳ ಕಾಗದ ಅದು. ಅಳಿಯ ಅದನ್ನು ಓದಿಯೂ ಹೊರಟ. ದಾರಿತೋರುಗ ನಡುದಾರಿಯಲ್ಲಿ ಕೈಬಿಟ್ಟ, ನೀರು ಮುಗಿಯಿತು, ಮಕ್ಕಳು ಬಾಯಾರಿ ಅತ್ತರು. ಹೆಂಡತಿ ಒಂದು ಆಕ್ಷೇಪದ ಮಾತನ್ನೂ ಆಡಲಿಲ್ಲ, ಆದರೆ ಕಣ್ಣಲ್ಲಿ ನೀರಿತ್ತು ಎಂದು ಅವನೇ ಬರೆದಿದ್ದಾನೆ. ಐದನೆಯ ದಿನ ನೀರು ಸಿಕ್ಕಿತು. ಆ ಸೆಪ್ಟೆಂಬರಿನಲ್ಲಿ ಹೊಳೆಯ ದಂಡೆಯ ಮೇಲೆ ಇನ್ನೊಂದು ಗಂಡುಮಗು ಹುಟ್ಟಿತು.

1852ರ ಏಪ್ರಿಲಿನಲ್ಲಿ ಅವನು ಹೆಂಡತಿ ಮತ್ತು ನಾಲ್ಕು ಮಕ್ಕಳನ್ನು ಕೇಪ್ ಟೌನಿನಿಂದ ಬ್ರಿಟನ್ನಿಗೆ ಹಡಗು ಹತ್ತಿಸಿದ. ಅದೇ ಆಗಸ್ಟಿನಲ್ಲಿ ಬೋಯರರ ದಂಡು ಕೊಲೊಬೆಂಗಿನ ಮನೆಯನ್ನು ಸೂರೆ ಮಾಡಿ ಪುಸ್ತಕಗಳನ್ನು ಹರಿದು, ಔಷಧದ ಶೀಷೆಗಳನ್ನು ಒಡೆದು ಹೋಯಿತು. ಮೇರಿಗೆ ಬ್ರಿಟನ್ ಸ್ವದೇಶವಲ್ಲ. ಹುಟ್ಟಿ ಬೆಳೆದದ್ದು ಆಫ್ರಿಕದಲ್ಲಿ. ಅತ್ತೆ-ಮಾವನ ಮನೆಯಲ್ಲಿ ಹೊಂದಿಕೆಯಾಗಲಿಲ್ಲ. ನಾಲ್ಕೂವರೆ ವರ್ಷ ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಅಲೆದಾಟ, ಕೈಯಲ್ಲಿ ಹಣವಿಲ್ಲ. ಕುಡಿತದ ಅಭ್ಯಾಸವೂ ಅಂಟಿತೆನ್ನುತ್ತಾರೆ. ಅತ್ತ ಗಂಡ ಆಫ್ರಿಕದ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ನಡೆದು ಲೋಕಪ್ರಸಿದ್ಧನಾದ.

ವರ್ಗಾವಣೆಯ ನೌಕರಿ ನನ್ನದು. ಮಕ್ಕಳ ಓದು ಕೆಡಬಾರದೆಂದು ಒಮ್ಮೆ ಮೂರು ವರ್ಷ ಸಂಸಾರವನ್ನು ಒಂದು ಊರಲ್ಲಿಟ್ಟು ನಾನೊಬ್ಬನೇ ಇನ್ನೊಂದು ಊರಲ್ಲಿದ್ದೆ. ರಜೆಯಲ್ಲಿ ಹೋದಾಗ ಚಿಕ್ಕವಳು ಅಮ್ಮನ ಸೆರಗಿನ ಹಿಂದೆ ನಿಂತು, “ಅಮ್ಮಾ, ಇವರು ಎಷ್ಟು ದಿನ ಇರ್ತಾರೆ?” ಎಂದು ಕೇಳಿದ್ದಳು. ಆದ್ದರಿಂದ ಲಿವಿಂಗ್‌ಸ್ಟನ್ ಮುಂದೆ ಪಶ್ಚಾತ್ತಾಪದಿಂದ ಬರೆದ ಮಾತು ನನ್ನನ್ನು ತಾಗಿತು. ಹಗಲೆಲ್ಲ ದುಡಿದು ಸಂಜೆಗೆ ಅವನಲ್ಲಿ ನಗುವ ಚೈತನ್ಯ ಉಳಿಯುತ್ತಿರಲಿಲ್ಲ. ಮಕ್ಕಳು ಹತ್ತಿರವಿದ್ದಾಗ ಅವರೊಡನೆ ಆಡಲಿಲ್ಲ, ಆಡೋಣವೆನ್ನುವಾಗ ಅವರು ಬೆಳೆದುಹೋಗಿದ್ದರು. ಹಿರಿಯ ಮಗ ರಾಬರ್ಟ್ ಅಮೆರಿಕಕ್ಕೆ ಹೋಗಿ ಅಲ್ಲಿಯ ಅಂತರ್ಯುದ್ಧದಲ್ಲಿ ಸೆರೆಸಿಕ್ಕಿ, 1864ರಲ್ಲಿ ಹದಿನೆಂಟರ ಪ್ರಾಯದಲ್ಲಿ ಸತ್ತ.

ಈ ರಾಬರ್ಟನಿಂದಾಗಿಯೇ ತ್ಸ್ವಾನಾ ಜನ ಮಗಳು ಮೇರಿಯನ್ನು ‘ಮಾ-ರಾಬರ್ಟ್’ ಎನ್ನುತ್ತಿದ್ದರು. 1858ರ ಜಾಂಬೆಸಿ ಯಾತ್ರೆಯ ಉಗಿದೋಣಿಗೆ ಲಿವಿಂಗ್‌ಸ್ಟನ್ ಅದೇ ಹೆಸರಿಟ್ಟ. ಏದುಸಿರು ಬಿಡುತ್ತ ತೆವಳುತ್ತಿದ್ದ ಆ ದೋಣಿ ಎಲ್ಲೆಡೆ ಸೋರಿ, ಎರಡೇ ವರ್ಷದಲ್ಲಿ ಮುಳುಗಿತು. ಮೇರಿ ಮಾತ್ರ ಆ ಯಾತ್ರೆಯ ಮೊದಲಲ್ಲೂ ಬಸುರಿಯಾಗಿ ಕೇಪಿನಲ್ಲಿ ಇಳಿಯಬೇಕಾಯಿತು. ಮತ್ತೆ ಗಂಡನನ್ನು ಸೇರಿದ್ದು 1862ರ ಆರಂಭದಲ್ಲಿ. ಮೂರು ತಿಂಗಳೊಳಗೆ, ಏಪ್ರಿಲ್ 27ರಂದು, ಜಾಂಬೆಸಿ ದಡದ ಶುಪಂಗಾದಲ್ಲಿ ಜ್ವರದಿಂದ ತೀರಿಕೊಂಡಳು. ವಯಸ್ಸು ನಲವತ್ತೊಂದು. ಒಂದು ದೊಡ್ಡ ಬವೊಬಾಬ್ ಮರದ ಕೆಳಗೆ ಹೂಳಿದರು. ಎರಡು ವರ್ಷದ ಮೇಲೆ, 1864ರ ಜೂನಿನಲ್ಲಿ, ಲಿವಿಂಗ್‌ಸ್ಟನ್ ತನ್ನ ಇನ್ನೊಂದು ಸಣ್ಣ ಉಗಿಹಡಗನ್ನು ಮಾರಲೆಂದು ತಾನೇ ನಡೆಸಿಕೊಂಡು ಸಮುದ್ರ ದಾಟಿ ನಮ್ಮ ಈ ಮುಂಬಯಿಗೇ ಬಂದಿಳಿದ.

ಕುರುಮಾನಿನಲ್ಲಿ ಮಾ-ಮೇರಿಗೆ ಅದೇ 1862ರಲ್ಲಿ ಮಗಳಷ್ಟೇ ಅಲ್ಲ, ಮಗ ರಾಬರ್ಟನೂ ತೀರಿಕೊಂಡ. ಆಮೇಲೂ ಎಂಟು ವರ್ಷ ಆಕೆ ಅಲ್ಲೇ ಸಂಸಾರ ನಡೆಸಿದಳು. 1870ರಲ್ಲಿ, ಐವತ್ತು ವರ್ಷಗಳ ನಂತರ, ಮುದುಕ ಮುದುಕಿ ಕೊನೆಯ ಸಲ ಗಾಡಿ ಹತ್ತಿದಾಗ ಊರಿನ ಜನ ಅಳುತ್ತ ಗಾಡಿಯ ಜೊತೆಗೆ ಬಹುದೂರ ನಡೆದು ಬಂದರಂತೆ. ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲೇ, 1871ರ ಜನವರಿಯಲ್ಲಿ, ಆಕೆ ತೀರಿಕೊಂಡಳು.