ನಿಯಾಂಡರ್ತಲ್ ಮಾನವನನ್ನು ಮತ್ತೆ ಹುಟ್ಟಿಸಬಹುದೇ? ಚೀತಾಗೆ ಸರಿ ಎನಿಸಿದ್ದು ಮನುಷ್ಯನಿಗೆ ಏಕೆ ಸಲ್ಲದು?

ಶಂಶಾಬಾದ್ (ಹೈದರಾಬಾದ್): ಶಂಶಾಬಾದ್ ವಿಮಾನ ನಿಲ್ದಾಣದಿಂದ ಹೈದರಾಬಾದ್ ನಗರದತ್ತ ಬರುವಾಗ ಅತ್ತಾಪುರ ಸಿಗುತ್ತದೆ. ಅಳಿವಿನಂಚಿನ ಪ್ರಾಣಿಗಳ ಸಂರಕ್ಷಣೆಗಾಗಿ ಸಿಸಿಎಂಬಿ ಸಂಸ್ಥೆ ನಡೆಸುವ ಲಾಕೋನ್ಸ್ ಪ್ರಯೋಗಾಲಯ ಇರುವುದು ಇಲ್ಲೇ. ಭಾರತದಿಂದ ಕಣ್ಮರೆಯಾದ ಚೀತಾವನ್ನು ಕ್ಲೋನಿಂಗ್ ಮೂಲಕ ಮರಳಿ ತರುವ ಯೋಜನೆ ರೂಪುಗೊಂಡಿದ್ದು ಸಿಸಿಎಂಬಿಯಲ್ಲಿ. ಇದೇ ತಂತ್ರವನ್ನು ಅಳಿದುಹೋದ ಮಾನವ ಸಂಬಂಧಿಗಳಿಗೂ ಬಳಸಬಹುದೇ? ಇಲ್ಲಿದೆ ವಿವರ.

ಏನಿದು ಚೀತಾ ಯೋಜನೆ?

ಭಾರತದಲ್ಲಿ ಚೀತಾ ಅಳಿದಿದೆ ಎಂದು 1952ರಲ್ಲಿ ಘೋಷಿಸಲಾಯಿತು. ಸಿಸಿಎಂಬಿ ನಿರ್ದೇಶಕರಾಗಿದ್ದ ವಿಜ್ಞಾನಿ ಲಾಲ್ಜಿ ಸಿಂಗ್, ಇರಾನ್‌ನಲ್ಲಿ ಉಳಿದಿರುವ ಚೀತಾಗಳ ಜೀವಂತ ಕೋಶ ಪಡೆದು, ಚಿರತೆಯನ್ನು ಬಾಡಿಗೆ ತಾಯಿಯಾಗಿ ಬಳಸಿ ಮರಿ ಪಡೆಯುವ ಪ್ರಸ್ತಾಪ ಮುಂದಿಟ್ಟಿದ್ದರು. ಇರಾನ್ ಒಪ್ಪದ ಕಾರಣ ಅದು ಕೈಗೂಡಲಿಲ್ಲ. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8 ಚೀತಾಗಳನ್ನು ಕುನೋ ಅರಣ್ಯಕ್ಕೆ ತರಲಾಯಿತು.

ನಿಯಾಂಡರ್ತಲ್ ಚರ್ಚೆ ಶುರುವಾಗಿದ್ದು ಹೇಗೆ?

ನಿಯಾಂಡರ್ತಲ್ ಮಾನವರು ಸುಮಾರು 40,000 ವರ್ಷಗಳ ಹಿಂದೆ ಅಳಿದರು. ಸ್ವಾಂತೆ ಪಾಬೊ ನೇತೃತ್ವದ ತಂಡ 2010ರಲ್ಲಿ ಅವರ ವಂಶವಾಹಿಯ ಕರಡು ನಕ್ಷೆ ಪ್ರಕಟಿಸಿತು. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಈ ನಡುವೆ 2013ರಲ್ಲಿ, ಹಾರ್ವರ್ಡ್ ವಿಜ್ಞಾನಿ ಜಾರ್ಜ್ ಚರ್ಚ್ ನಿಯಾಂಡರ್ತಲ್ ಮಗುವನ್ನು ಹೆರಲು ಮಹಿಳೆಯನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಜಗತ್ತಿನೆಲ್ಲೆಡೆ ಹಬ್ಬಿತು. ಅಂಥ ಹುಡುಕಾಟ ನಡೆದಿಲ್ಲ, ತಾವು ಹೇಳಿದ್ದು ಸಾಧ್ಯತೆಯ ಬಗ್ಗೆ ಮಾತ್ರ ಎಂದು ಅವರು ಸ್ಪಷ್ಟಪಡಿಸಿದರು.

ಕ್ಲೋನಿಂಗ್‌ಗೆ ಹಾಳಾಗದ ಕೋಶಕೇಂದ್ರ ಬೇಕು. ಹಳೆಯ ಮೂಳೆಗಳಲ್ಲಿ ಸಿಗುವುದು ಚೂರಾದ ಡಿಎನ್‌ಎ ಮಾತ್ರ. ಹಾಗಾಗಿ ಇಂದಿನ ಮನುಷ್ಯನ ಕೋಶವನ್ನೇ ತಿದ್ದಬೇಕಾಗುತ್ತದೆ.

ಸೋಲಿನ ಬೆಲೆ ತೆರುವವರು ಯಾರು?

1996ರಲ್ಲಿ ಡಾಲಿ ಕುರಿ ಹುಟ್ಟಿದ್ದು 277 ಪ್ರಯತ್ನಗಳಲ್ಲಿ ಒಂದು ಫಲಿಸಿದಾಗ. 2003ರಲ್ಲಿ ಸ್ಪೇನ್‌ನಲ್ಲಿ ಅಳಿದಿದ್ದ ಕಾಡುಮೇಕೆಯ ಕ್ಲೋನ್ ಮರಿ ಹುಟ್ಟಿತು. ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷಗಳಲ್ಲಿ ಸತ್ತಿತು. 2018ರಲ್ಲಿ ಚೀನಾ ಪ್ರಕಟಿಸಿದ ಕೋತಿ ಕ್ಲೋನಿಂಗ್‌ನಲ್ಲಿ ಭ್ರೂಣದ ಕೋಶ ಬಳಸಿದಾಗ 21 ಬಾಡಿಗೆ ತಾಯಂದಿರಿಂದ ಬದುಕಿದ್ದು 2 ಮರಿ. ಬೆಳೆದ ಕೋತಿಯ ಕೋಶದಿಂದ ಹುಟ್ಟಿದ 2 ಮರಿಗಳೂ ಬೇಗ ಸತ್ತವು.

ಚೀತಾ ವಿಷಯದಲ್ಲಿ ಈ ಅಪಾಯ ಚಿರತೆಗೆ ಮತ್ತು ಮರಿಗೆ. ನಿಯಾಂಡರ್ತಲ್ ವಿಷಯದಲ್ಲಿ ಅದು ಮಹಿಳೆಗೆ ಮತ್ತು ಮಗುವಿಗೆ. ಮಹಿಳೆ ಒಪ್ಪಬಹುದು, ಆದರೆ ಮಗುವಿನ ಒಪ್ಪಿಗೆ ಕೇಳಲು ದಾರಿಯೇ ಇಲ್ಲ. ಬದುಕುಳಿದರೂ ತನ್ನಂಥವರು ಯಾರೂ ಇಲ್ಲದ ಜಗತ್ತಿನಲ್ಲಿ, ಆ ಮಗು ಜೀವನವಿಡೀ ಸಂಶೋಧನೆಯ ವಸ್ತುವಾಗುವ ಅಪಾಯವಿದೆ.

ಭಾರತದ ನಿಯಮ ಏನು ಹೇಳುತ್ತದೆ?

ಐಸಿಎಂಆರ್‌ನ 2017ರ ಕಾಂಡಕೋಶ ಮಾರ್ಗಸೂಚಿ ಮಾನವ ಶಿಶುವಿನ ಕ್ಲೋನಿಂಗ್ ಅನ್ನು ನಿಷೇಧಿಸಿದೆ. ಆದರೆ ಮಾರ್ಗಸೂಚಿಗೆ ಸಂಸತ್ತು ಮಾಡಿದ ಕಾಯ್ದೆಯ ಬಲವಿಲ್ಲ. 2021ರ ಬಾಡಿಗೆ ತಾಯ್ತನ ಕಾಯ್ದೆಯಂತೂ ಹಣಕ್ಕಾಗಿ ಮಗು ಹೆತ್ತುಕೊಡುವುದನ್ನು ನಿಷೇಧಿಸಿದೆ. ಆದರೆ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೆಯಿದೆ: ನಿಯಾಂಡರ್ತಲ್ ಕಾನೂನಿನ ಕಣ್ಣಿನಲ್ಲಿ ಮನುಷ್ಯನೇ? ಹೌದಾದರೆ ಮನುಷ್ಯನಿಗಿರುವ ಎಲ್ಲ ಹಕ್ಕೂ ಆ ಮಗುವಿಗೆ ಸಲ್ಲಬೇಕು, ಪ್ರಯೋಗಕ್ಕೆಂದೇ ಹುಟ್ಟಿಸುವಂತಿಲ್ಲ.

ಬೇರೆ ದಾರಿ ಇದೆಯೇ?

ಇದೆ. ಆಫ್ರಿಕಾದ ಹೊರಗಿನ ಜನರ ಡಿಎನ್‌ಎಯಲ್ಲಿ ಸುಮಾರು ಶೇ 1ರಿಂದ 2ರಷ್ಟು ನಿಯಾಂಡರ್ತಲ್ ಪಾಲು ಇಂದಿಗೂ ಇದೆ, ಭಾರತೀಯರಲ್ಲೂ ಇದೆ. ಆ ವಂಶವಾಹಿಗಳ ಕೆಲಸವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ವಿಜ್ಞಾನಿಗಳು ಈಗಾಗಲೇ ಅಧ್ಯಯನ ಮಾಡುತ್ತಿದ್ದಾರೆ. ಅದಕ್ಕೆ ಯಾವ ಮಗುವೂ ಹುಟ್ಟಬೇಕಿಲ್ಲ.